ವಿಮಾನ ಸ್ಟಾಲ್ ಆದರೂ ಪೈಲಟ್‌ಗೆ ಯಾಕೆ ಗೊತ್ತಾಗುವುದಿಲ್ಲ? ಪದೇ ಪದೇ ಕೇಳುವ ಪ್ರಶ್ನೆಗಳು

ವಿಮಾನ ಅಪಘಾತಗಳ ವರದಿ ಓದುವುದು ನನಗೊಂದು ಹುಚ್ಚು. ಅದು ಗೊತ್ತಿರುವವರೆಲ್ಲ ಸುತ್ತಿ ಬಳಸಿ ಕೇಳುವುದು ಒಂದೇ ಪ್ರಶ್ನೆ: "ಸಾವಿರಾರು ಗಂಟೆ ಹಾರಿಸಿದವರಿಗೆ ತಮ್ಮ ವಿಮಾನ ಬೀಳುತ್ತಿದೆ ಅಂತ ಗೊತ್ತಾಗಲಿಲ್ಲವಾ?" ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಸ್ಟಾಲ್ ಅಂದರೆ ಎಂಜಿನ್ ಆಫ್ ಆಗುವುದಾ?

ಅಲ್ಲ. ಸ್ಟಾಲ್ ಅಂದರೆ ನಮಗೆ ಮೊದಲು ನೆನಪಾಗುವುದು ಟೀ ಸ್ಟಾಲ್. ಅದು ಬಿಟ್ಟರೆ, ಕ್ಲಚ್ ಬೇಗ ಬಿಟ್ಟಾಗ ಕಾರು ಗಕ್ಕನೆ ಆಫ್ ಆಗುತ್ತದಲ್ಲ, ಅದು. ವಿಮಾನದ ಸ್ಟಾಲ್ ಇವೆರಡೂ ಅಲ್ಲ. ಅಲ್ಲಿ ಸೋಲುವುದು ರೆಕ್ಕೆ, ಎಂಜಿನ್ ಅಲ್ಲ. ಎಂಜಿನ್ ಪೂರ್ತಿ ಬಲದಲ್ಲಿ ಗರ್ಜಿಸುತ್ತಿರುವಾಗಲೂ ವಿಮಾನ ಸ್ಟಾಲ್ ಆಗಬಹುದು, ಆಗಿದೆ ಕೂಡ.

ಚಿಕ್ಕವರಿದ್ದಾಗ ಬಸ್ಸಿನ ಕಿಟಕಿಯಿಂದ ಕೈ ಹೊರಗೆ ಹಾಕಿ ಕಂಡಕ್ಟರ್ ಹತ್ತಿರ ಬೈಸಿಕೊಂಡಿರುತ್ತೀರಿ. ಅಂಗೈ ಮಟ್ಟಸವಾಗಿ ಹಿಡಿದು, ಮುಂದಿನ ಅಂಚನ್ನು ಸ್ವಲ್ಪ ಮೇಲಕ್ಕೆ ತಿರುಗಿಸಿದರೆ ಗಾಳಿ ಕೈಯನ್ನು ಎತ್ತುತ್ತದೆ. ಇನ್ನೂ ತಿರುಗಿಸಿದರೆ ಇನ್ನೂ ಎತ್ತುತ್ತದೆ. ಒಂದು ಹಂತ ದಾಟಿದ ಮೇಲೆ ಎತ್ತುವುದು ಹೋಗಿ, ಕೈಯನ್ನು ಸುಮ್ಮನೆ ಹಿಂದಕ್ಕೆ ತಳ್ಳುತ್ತದೆ. ರೆಕ್ಕೆಯ ಕಥೆಯೂ ಇದೇ. ಎದುರು ಬರುವ ಗಾಳಿಗೂ ರೆಕ್ಕೆಗೂ ನಡುವಿನ ಕೋನಕ್ಕೆ ಆಂಗಲ್ ಆಫ್ ಅಟ್ಯಾಕ್ ಅನ್ನುತ್ತಾರೆ. ಅದು ಮಿತಿ ಮೀರಿದರೆ ರೆಕ್ಕೆಯ ಮೇಲ್ಮೈಗೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಕಿತ್ತುಕೊಂಡು ಹೋಗುತ್ತದೆ. ಅದೇ ಸ್ಟಾಲ್.

ಹಾಗಾದರೆ ಎಂಜಿನ್ ನಿಂತರೆ ವಿಮಾನ ಬೀಳುವುದಿಲ್ಲವಾ?

ತೇಲುತ್ತಾ ಇಳಿಯುತ್ತದೆ. 1983ರಲ್ಲಿ ಏರ್ ಕೆನಡಾದ ಬೋಯಿಂಗ್ 767 ಒಂದರಲ್ಲಿ ನಡುದಾರಿಯಲ್ಲೇ ಇಂಧನ ಖಾಲಿಯಾಯಿತು. ಅದನ್ನು ತೇಲಿಸಿಕೊಂಡು ಬಂದು ಗಿಮ್ಲಿ ಎಂಬಲ್ಲಿನ ಹಳೆಯ ರನ್‌ವೇ ಮೇಲೆ ಇಳಿಸಿದರು. ಎಲ್ಲರೂ ಬದುಕಿದರು. ರೆಕ್ಕೆ ಕೆಲಸ ಮಾಡುತ್ತಿದ್ದರೆ ಸಮಯ ಸಿಗುತ್ತದೆ.

ನಿಧಾನ ಹೋದರೆ ಸ್ಟಾಲ್, ಜೋರಾಗಿ ಹೋದರೆ ಇಲ್ಲ. ಅಷ್ಟೇ ತಾನೇ?

ಸಾಮಾನ್ಯವಾಗಿ ಹೌದು. ನಿಧಾನ ಹೋದಷ್ಟೂ ಎತ್ತರ ಉಳಿಸಿಕೊಳ್ಳಲು ಮೂತಿ ಮೇಲೆತ್ತಬೇಕು, ಕೋನ ಹೆಚ್ಚುತ್ತದೆ. ಆದರೆ ನಿಜವಾದ ಲೆಕ್ಕ ಕೋನದ್ದು. ಅದು ಮೀರಿದರೆ ಯಾವ ವೇಗದಲ್ಲೂ ಸ್ಟಾಲ್ ಆಗುತ್ತದೆ. ಇನ್ನೊಂದು ತೊಡಕಿದೆ. ಜೆಟ್‌ಗಳು ಹಾರುವ 35,000 ಅಡಿ ಎತ್ತರದಲ್ಲಿ, ಆ ವೇಗದಲ್ಲಿ, ರೆಕ್ಕೆ ತಡೆದುಕೊಳ್ಳುವ ಕೋನ ನೆಲದ ಹತ್ತಿರ ಇರುವುದಕ್ಕಿಂತ ತುಂಬಾ ಕಮ್ಮಿ. ಕೆಳಗೆ ಪರವಾಗಿಲ್ಲ ಅನ್ನಿಸುವಷ್ಟು ಮೂತಿ ಎತ್ತಿದರೂ ಮೇಲೆ ಅದು ಜಾಸ್ತಿಯಾಗುತ್ತದೆ.

ಸ್ಟಾಲ್ ಆದರೆ ಮೂತಿ ಕೆಳಗೆ ಬೀಳುತ್ತದೆ, ಹೊಟ್ಟೆಯಲ್ಲಿ ಕಚಗುಳಿ ಆಗುತ್ತದೆ ಅಲ್ವಾ? ಅದೂ ಗೊತ್ತಾಗುವುದಿಲ್ಲವಾ?

ನನ್ನ ಪ್ರಕಾರ ಎಲ್ಲರೂ ಎಡವುವುದು ಇಲ್ಲೇ. ಸ್ಟಾಲ್ ಅಂದಾಗ ನಮ್ಮ ತಲೆಯಲ್ಲಿ ಬರುವುದು ಸಣ್ಣ ತರಬೇತಿ ವಿಮಾನದ ಚಿತ್ರ. ಅದು ತಟ್ಟನೆ ಮೂತಿ ಕೆಡವುತ್ತದೆ, ಯಾರಿಗಾದರೂ ಗೊತ್ತಾಗುತ್ತದೆ. ದೊಡ್ಡ ಜೆಟ್ ಹಾಗೇ ಮಾಡಬೇಕು ಅಂತೇನಿಲ್ಲ. ಪೈಲಟ್ ಕಂಟ್ರೋಲ್ ಅನ್ನು ಹಿಂದಕ್ಕೆ ಎಳೆದು ಹಿಡಿದಿದ್ದರೆ ಮೂತಿ ಆಕಾಶಕ್ಕೇ ನೆಟ್ಟಿರುತ್ತದೆ. ವಿಮಾನ ಮಾತ್ರ ಹೊಟ್ಟೆ ಅಡಿ ಮಾಡಿಕೊಂಡು, ಎಲೆ ಉದುರಿದ ಹಾಗೆ ಕೆಳಗಿಳಿಯುತ್ತಿರುತ್ತದೆ.

ಕಚಗುಳಿಯ ವಿಷಯಕ್ಕೆ ಬಂದರೆ, ಅಪಾರ್ಟ್‌ಮೆಂಟಿನ ಲಿಫ್ಟ್ ನೆನಪಿಸಿಕೊಳ್ಳಿ. ಲಿಫ್ಟ್ ಹೊರಡುವಾಗ ಗೊತ್ತಾಗುತ್ತದೆ, ನಿಲ್ಲುವಾಗ ಗೊತ್ತಾಗುತ್ತದೆ. ನಡುವೆ ಒಂದೇ ವೇಗದಲ್ಲಿ ಹೋಗುವಾಗ ಕಣ್ಣು ಮುಚ್ಚಿದರೆ ಮೇಲೆ ಹೋಗುತ್ತಿದ್ದೀರೋ ಕೆಳಗೋ ಹೇಳಲು ಆಗುವುದಿಲ್ಲ. ವಿಮಾನ ನಿಮಿಷಕ್ಕೆ 10,000 ಅಡಿಯ ಹಾಗೆ ಒಂದೇ ಸಮ ಬೀಳುತ್ತಿದ್ದರೂ ಮೈಗೆ ತಿಳಿಯುವುದು ಅಷ್ಟೇ. ಹೊರಗೆ ಕತ್ತಲು, ಮೋಡ, ಕೆಳಗೆ ಸಮುದ್ರ ಇದ್ದರೆ ಕಣ್ಣಿಗೂ ಆಸರೆ ಇಲ್ಲ. ಉಳಿಯುವುದು ಮೀಟರ್‌ಗಳು ಮಾತ್ರ.

ಎಚ್ಚರಿಕೆ ಗಂಟೆ ಇರುವುದಿಲ್ಲವಾ?

ಇರುತ್ತದೆ, ಜೋರಾಗಿಯೇ ಇರುತ್ತದೆ. ಬೋಯಿಂಗ್ ಮುಂತಾದ ಹಲವು ವಿಮಾನಗಳಲ್ಲಿ ಪೈಲಟ್ ಕೈಯಲ್ಲಿರುವ ಕಂಟ್ರೋಲ್ ಗಡಗಡ ನಡುಗುತ್ತದೆ. ಅದಕ್ಕೆ ಸ್ಟಿಕ್ ಶೇಕರ್ ಅನ್ನುತ್ತಾರೆ. ಕೆಲವದರಲ್ಲಿ ಸ್ಟಿಕ್ ಪುಷರ್ ಕೂಡ ಇದೆ, ಅದು ತಾನಾಗಿಯೇ ಮುಂದಕ್ಕೆ ತಳ್ಳಿ ಮೂತಿ ಇಳಿಸುತ್ತದೆ. ಏರ್‌ಬಸ್‌ನಲ್ಲಿ "ಸ್ಟಾಲ್, ಸ್ಟಾಲ್" ಎಂಬ ದನಿ, ಜೊತೆಗೆ ಮಳೆಗಾಲದ ರಾತ್ರಿ ಜೀರುಂಡೆ ಕಿರ್ರೆಂದ ಹಾಗೆ ಒಂದು ಸದ್ದು. ಇದರ ಜೊತೆಗೆ, ಕಿತ್ತುಹೋದ ಗಾಳಿ ವಿಮಾನದ ಮೈಗೇ ಬಡಿದು ಅದುರಿಸುತ್ತದೆ. ಅದಕ್ಕೆ ಬಫೆಟ್ ಎನ್ನುತ್ತಾರೆ. ಮದುವೆ ಮನೆಯ ಬಫೆ ಅಲ್ಲ.

ಇಷ್ಟೆಲ್ಲ ಇದ್ದೂ ಗೊತ್ತಾಗದೆ ಹೋಗಿದೆ. ಹೇಗೆ ಅಂತ ಹೇಳಬೇಕಾದರೆ ಒಂದು ಹಾರಾಟವನ್ನು ಪೂರ್ತಿ ನೋಡಬೇಕು.

ಏರ್ ಫ್ರಾನ್ಸ್ 447ರಲ್ಲಿ ಏನಾಯಿತು?

2009ರ ಜೂನ್ 1, ನಸುಕು. ರಿಯೊ ಡಿ ಜನೈರೊದಿಂದ ಪ್ಯಾರಿಸ್‌ಗೆ ಹೊರಟ ಏರ್‌ಬಸ್ ಎ330. ಒಟ್ಟು 228 ಜನ. ಅಟ್ಲಾಂಟಿಕ್ ಮೇಲೆ, ಗುಡುಗು ಮೋಡಗಳ ಸಾಲಿನಲ್ಲಿ, 35,000 ಅಡಿ ಎತ್ತರ. ಕ್ಯಾಪ್ಟನ್ ವಿಶ್ರಾಂತಿಗೆ ಹೋಗಿ ಹತ್ತು ನಿಮಿಷವೂ ಆಗಿಲ್ಲ. ಕಾಕ್‌ಪಿಟ್‌ನಲ್ಲಿ ಇಬ್ಬರು ಸಹ ಪೈಲಟ್‌ಗಳು. ಹಾರಿಸುತ್ತಿದ್ದವರು ಅವರಿಬ್ಬರಲ್ಲಿ ಅನುಭವ ಕಮ್ಮಿ ಇದ್ದವರು.

ವಿಮಾನದ ಮೂತಿಯ ಬಳಿ ಪಿಟೋ ಟ್ಯೂಬ್ ಎಂಬ ಸಣ್ಣ ಕೊಳವೆಗಳಿರುತ್ತವೆ. ಎದುರು ಗಾಳಿ ಅದರೊಳಗೆ ಎಷ್ಟು ಒತ್ತುತ್ತದೆ ಎಂಬುದರಿಂದ ವೇಗ ಲೆಕ್ಕ ಹಾಕುತ್ತಾರೆ. ಎ330ರಲ್ಲಿ ಇಂಥವು ಮೂರು. ಆ ರಾತ್ರಿ 2 ಗಂಟೆ 10 ನಿಮಿಷಕ್ಕೆ ಇವು ಮಂಜಿನ ಹರಳುಗಳಿಂದ ಕಟ್ಟಿಕೊಂಡವು. ವೇಗದ ಅಂಕಿಗಳು ಒಂದಕ್ಕೊಂದು ತಾಳೆಯಾಗಲಿಲ್ಲ. "ಇನ್ನು ನನ್ನ ಕೈಲಾಗದು" ಎಂದು ಆಟೋಪೈಲಟ್ ಕೈಬಿಟ್ಟಿತು.

ಆಗ ಮೂತಿಯನ್ನೂ ಎಂಜಿನ್ ಬಲವನ್ನೂ ಇದ್ದ ಹಾಗೇ ಹಿಡಿದಿದ್ದರೆ ಸಾಕಿತ್ತು. ಒಂದು ನಿಮಿಷದೊಳಗೆ ವೇಗದ ಅಂಕಿಗಳು ಸರಿಹೋದವು. ಆದರೆ ಆ ಹೊತ್ತಿಗೆ ಹಾರಿಸುತ್ತಿದ್ದವರು ಸೈಡ್‌ಸ್ಟಿಕ್ ಅನ್ನು, ಅಂದರೆ ವಿಮಾನ ಹಾರಿಸುವ ಕಂಟ್ರೋಲ್ ಕಡ್ಡಿಯನ್ನು, ಹಿಂದಕ್ಕೆ ಎಳೆದಿದ್ದರು. ವಿಮಾನ ಬಲಕ್ಕೆ ವಾಲಿತ್ತು, ಅಲಾರಂಗಳು ಬಡಿದುಕೊಳ್ಳುತ್ತಿದ್ದವು. ಗಾಬರಿಯಲ್ಲಿ ಎಳೆಯುವುದು ಮನುಷ್ಯನ ಕೈಯ ಸ್ವಭಾವ. ವಿಮಾನ ಸುಮಾರು 38,000 ಅಡಿಗೆ ಏರಿತು, ಏರುತ್ತಾ ವೇಗ ಕಳೆದುಕೊಂಡಿತು, ಸ್ಟಾಲ್ ಆಯಿತು. ಮೂರೂವರೆ ನಿಮಿಷ ಬಿದ್ದಿತು. ಆಟೋಪೈಲಟ್ ಬಿಟ್ಟಾಗಿನಿಂದ ನೀರಿಗೆ ಬಡಿಯುವವರೆಗೆ ಒಟ್ಟು 4 ನಿಮಿಷ 23 ಸೆಕೆಂಡ್. ಬಡಿಯುವಾಗಲೂ ಮೂತಿ 16 ಡಿಗ್ರಿ ಮೇಲಕ್ಕೇ ಇತ್ತು. ಯಾರೂ ಉಳಿಯಲಿಲ್ಲ.

ಬ್ಲಾಕ್ ಬಾಕ್ಸ್‌ಗಳು ಸಿಕ್ಕಿದ್ದು ಎರಡು ವರ್ಷದ ನಂತರ, 2011ರ ಮೇ ತಿಂಗಳಲ್ಲಿ, ಸುಮಾರು 3,900 ಮೀಟರ್ ಆಳದ ಕಡಲ ತಳದಲ್ಲಿ. ಫ್ರಾನ್ಸ್‌ನ ತನಿಖಾ ಸಂಸ್ಥೆ ಬಿಇಎ 2012ರ ಜುಲೈನಲ್ಲಿ ಕೊಟ್ಟ ವರದಿ ಓದಿದರೆ ಬೈಯಲು ಹೊರಟ ಬಾಯಿ ಮುಚ್ಚುತ್ತದೆ.

"ಸ್ಟಾಲ್" ಅಂತ ಕೂಗುತ್ತಲೇ ಇತ್ತಲ್ಲ. ಕಿವಿಗೆ ಬೀಳಲಿಲ್ಲವಾ?

ಒಂದೇ ಸಮ 54 ಸೆಕೆಂಡ್ ಕೂಗಿತು. ಇಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ.

ಮೊದಲ ಕಾರಣ, ಒತ್ತಡ ಹೆಚ್ಚಾದಾಗ ಮನುಷ್ಯ ಮೊದಲು ಕಳೆದುಕೊಳ್ಳುವುದು ಕೇಳುವ ಗಮನವನ್ನು. ಪರೀಕ್ಷೆಗೆ ಓದುವಾಗ ಅಮ್ಮ ನಾಲ್ಕು ಸಲ ಊಟಕ್ಕೆ ಕರೆದರೂ ಕೇಳಿಸುವುದಿಲ್ಲ, ಅದೇ ರೀತಿ. ಎರಡನೆಯದು, ಶುರುವಿನಲ್ಲಿ ಆ ಎಚ್ಚರಿಕೆ ಒಂದೆರಡು ಸಲ ಕೂಗಿ ನಿಂತುಬಿಟ್ಟಿತ್ತು. ವೇಗದ ಮೀಟರ್ ಆಗಷ್ಟೇ ಸುಳ್ಳು ಹೇಳಿದೆ, ಇದೂ ಸುಳ್ಳೇ ಇರಬೇಕು ಅಂತ ಅನ್ನಿಸಿದರೆ ತಪ್ಪೇನು? ಮೂರನೆಯದು, ಫ್ಲೈಟ್ ಡೈರೆಕ್ಟರ್. ಮೂತಿ ಎತ್ತ ತಿರುಗಿಸಬೇಕು ಅಂತ ಪರದೆಯ ಮೇಲೆ ತೋರಿಸುವ ಗೆರೆಗಳು ಅವು. ಮಾಯವಾಗಿ ಮತ್ತೆ ಬಂದಾಗ ಅವು "ಮೇಲಕ್ಕೆ" ಎಂದೇ ತೋರಿಸುತ್ತಿದ್ದವು.

ಇದೆಲ್ಲಕ್ಕಿಂತ ನನ್ನನ್ನು ಕಾಡುವುದು ನಾಲ್ಕನೆಯದು. ವೇಗ ತೀರಾ ಕಮ್ಮಿ, 60 ನಾಟ್‌ಗಿಂತ (ಗಂಟೆಗೆ ಸುಮಾರು 110 ಕಿ.ಮೀ.) ಕೆಳಗೆ ತೋರಿಸಿದರೆ, "ಇಷ್ಟು ನಿಧಾನ ಯಾವ ವಿಮಾನವೂ ಹಾರಲಾರದು, ಈ ಲೆಕ್ಕ ಸರಿಯಿಲ್ಲ" ಎಂದು ಕಂಪ್ಯೂಟರ್ ಕೋನದ ಅಳತೆಯನ್ನು ಪಕ್ಕಕ್ಕಿಡುತ್ತಿತ್ತು. ಅಳತೆ ಇಲ್ಲ ಅಂದಮೇಲೆ ಎಚ್ಚರಿಕೆಯೂ ಇಲ್ಲ. ವಿಮಾನ ಸ್ಟಾಲ್‌ನಲ್ಲಿ ಎಷ್ಟು ಆಳಕ್ಕೆ ಇಳಿದಿತ್ತೆಂದರೆ ಎಚ್ಚರಿಕೆಯೇ ಸುಮ್ಮನಾಯಿತು. ಪೈಲಟ್ ಸ್ಟಿಕ್ ಸ್ವಲ್ಪ ಸಡಿಲಿಸಿ ಮೂತಿ ಇಳಿಸಿದಾಗ, ಅಂದರೆ ಸರಿಯಾದ ಕೆಲಸ ಮಾಡಿದಾಗ, ಅಳತೆ ಮತ್ತೆ ಸರಿಯಾಗಿ "ಸ್ಟಾಲ್, ಸ್ಟಾಲ್" ಎಂದು ಕೂಗಿತು. ಮತ್ತೆ ಎಳೆದರೆ ಸದ್ದು ನಿಂತಿತು. ಸರಿ ಮಾಡಿದರೆ ಬೈಗುಳ, ತಪ್ಪು ಮಾಡಿದರೆ ಸಮಾಧಾನ. ಇಂಥ ಮೇಷ್ಟ್ರ ಹತ್ತಿರ ಯಾರು ತಾನೇ ಪಾಠ ಕಲಿಯಬಲ್ಲರು?

ಕ್ಯಾಪ್ಟನ್ ವಾಪಸ್ ಬಂದರಲ್ಲ, ಅವರಿಗೂ ತಿಳಿಯಲಿಲ್ಲವಾ?

ಅವರು ಒಳಗೆ ಬಂದದ್ದು ಆಟೋಪೈಲಟ್ ಬಿಟ್ಟು ಸುಮಾರು ಒಂದೂವರೆ ನಿಮಿಷಕ್ಕೆ. ಅದರ ಮುಂದಿನ ಕೆಲವೇ ಸೆಕೆಂಡಿನಲ್ಲಿ ಆ 54 ಸೆಕೆಂಡಿನ ಕೂಗು ನಿಂತಿತು, ವೇಗದ ಅಂಕಿಗಳು ಪರದೆಯಿಂದ ಹೋದವು. ಒಂದು ಸಿನಿಮಾದ ಕೊನೆಯ ರೀಲಿಗೆ ಬಂದು ಕೂತ ಹಾಗೆ. ಮುಖ್ಯ ಸುಳಿವು ಆಗಷ್ಟೇ ಎದ್ದುಹೋಗಿತ್ತು.

ಕೈಗಳೂ ಕಾಣುತ್ತಿರಲಿಲ್ಲ. ಬೋಯಿಂಗ್‌ನಲ್ಲಿ ಇಬ್ಬರ ಮುಂದೆಯೂ ದೊಡ್ಡ ಕಂಟ್ರೋಲ್ ಇರುತ್ತದೆ, ಒಬ್ಬರು ಎಳೆದರೆ ಇನ್ನೊಬ್ಬರದೂ ಎದೆಗೆ ಬರುತ್ತದೆ. ಏರ್‌ಬಸ್‌ನ ಸೈಡ್‌ಸ್ಟಿಕ್ ಪಕ್ಕದಲ್ಲಿರುವ ಪುಟ್ಟ ಕಡ್ಡಿ. ಆ ವಿಮಾನದಲ್ಲಿ ಎರಡಕ್ಕೂ ಸಂಬಂಧವಿರಲಿಲ್ಲ. ಕೊನೆಯ ನಿಮಿಷದಲ್ಲಿ ಹಾರಿಸುತ್ತಿದ್ದವರೇ "ನಾನು ಆಗಿನಿಂದ ಪೂರ್ತಿ ಹಿಂದಕ್ಕೇ ಎಳೆದಿದ್ದೇನಲ್ಲ" ಎಂಬರ್ಥದ ಮಾತು ಹೇಳುತ್ತಾರೆ. ಅಷ್ಟು ಹೊತ್ತಿಗೆ ಎತ್ತರ ಉಳಿದಿರಲಿಲ್ಲ.

2014ರ ಡಿಸೆಂಬರ್ 28ರಂದು ಸುರಬಯಾದಿಂದ ಸಿಂಗಪುರಕ್ಕೆ ಹೊರಟ ಏರ್‌ಏಷ್ಯಾ 8501ರಲ್ಲೂ ಎರಡು ಸ್ಟಿಕ್‌ಗಳ ಗೊಂದಲ ಬಂತು. ಸಹ ಪೈಲಟ್ ಎಳೆಯುತ್ತಿದ್ದರು. ಕ್ಯಾಪ್ಟನ್ "ಪುಲ್ ಡೌನ್" ಎಂದರು. "ಪುಲ್" ಅಂದರೆ ಎಳೆ, "ಡೌನ್" ಅಂದರೆ ಕೆಳಗೆ. ಕೇಳಿದವರು ಯಾವುದನ್ನು ಮಾಡಬೇಕು? ಆ ವಿಮಾನದಲ್ಲಿ 162 ಜನ ಇದ್ದರು.

ಬೀಳುತ್ತಿರುವಾಗ ವೇಗ ಜಾಸ್ತಿಯಾಗಿದೆ ಅಂತ ಯಾಕೆ ಅನ್ನಿಸಿತು?

447ರಲ್ಲಿ ಹಾರಿಸುತ್ತಿದ್ದವರಿಗೆ ಒಂದು ಹಂತದಲ್ಲಿ ವಿಮಾನ ಹುಚ್ಚು ವೇಗದಲ್ಲಿ ಹೋಗುತ್ತಿದೆ ಅನ್ನಿಸಿತ್ತು. ಗಾಳಿಯ ಸದ್ದು ಅಷ್ಟಿತ್ತು. ಪುಸ್ತಕದ ಪ್ರಕಾರ ಅತಿ ವೇಗಕ್ಕೆ ಹೋದರೂ ವಿಮಾನ ಅದುರುತ್ತದೆ, ಸ್ಟಾಲ್ ಆದರೂ ಅದುರುತ್ತದೆ. ಲಕ್ಷಣ ಒಂದೇ, ಮದ್ದು ತದ್ವಿರುದ್ಧ. ಅತಿ ವೇಗವಾದರೆ ಮೂತಿ ಎತ್ತಬೇಕು, ಸ್ಟಾಲ್ ಆದರೆ ಇಳಿಸಬೇಕು.

ಈ ತಪ್ಪು ಹಳೆಯದು. 1974ರ ಡಿಸೆಂಬರ್ 1ರಂದು ನಾರ್ತ್‌ವೆಸ್ಟ್ ಸಂಸ್ಥೆಯ ಬೋಯಿಂಗ್ 727 ಒಂದು ನ್ಯೂಯಾರ್ಕ್‌ನಿಂದ ಬಫೆಲೊ ಕಡೆ ಖಾಲಿ ಹೊರಟಿತ್ತು. ಒಳಗೆ ಮೂವರು ಸಿಬ್ಬಂದಿ ಅಷ್ಟೇ. ಪಿಟೋ ಟ್ಯೂಬ್‌ನ ಹೀಟರ್ ಹಾಕಿರಲಿಲ್ಲ, ಮಂಜು ಕಟ್ಟಿತು. ಹೀಗೆ ಮುಚ್ಚಿದ ಕೊಳವೆಯ ಚೇಷ್ಟೆ ಏನೆಂದರೆ, ವಿಮಾನ ಮೇಲೇರಿದಷ್ಟೂ ಮೀಟರ್ ವೇಗ ಹೆಚ್ಚು ಹೆಚ್ಚು ತೋರಿಸುತ್ತದೆ. ವೇಗ ಜಾಸ್ತಿಯಾಯಿತು ಅಂತ ಮೂತಿ ಎತ್ತಿದರು, ಇನ್ನೂ ಏರಿತು, ಮೀಟರ್ ಇನ್ನೂ ಹೆಚ್ಚು ತೋರಿಸಿತು. ಕೊನೆಗೆ ಸ್ಟಿಕ್ ಶೇಕರ್ ನಡುಗಿದಾಗ ಅದನ್ನೂ ಅತಿ ವೇಗದ ಅದುರು ಎಂದೇ ತಿಳಿದರು. 24,800 ಅಡಿಯಿಂದ ಒಂದೂವರೆ ನಿಮಿಷದೊಳಗೆ ನೆಲ ಸೇರಿತು.

1996ರಲ್ಲಿ ಡೊಮಿನಿಕನ್ ರಿಪಬ್ಲಿಕ್‌ನ ಪುಯೆರ್ಟೊ ಪ್ಲಾಟಾದಿಂದ ಹೊರಟ ಬಿರ್ಗೆನ್‌ಏರ್ ಸಂಸ್ಥೆಯ ಬೋಯಿಂಗ್ 757ರಲ್ಲಿ ಕೊಳವೆ ಮುಚ್ಚಿದ್ದು ಬಹುಶಃ ಕಣಜದ ಮಣ್ಣಿನ ಗೂಡು. ನಮ್ಮ ಮನೆ ಗೋಡೆ ಮೂಲೆಯಲ್ಲಿ, ಸ್ವಿಚ್‌ಬೋರ್ಡಿನ ತೂತಿನಲ್ಲಿ ಕಟ್ಟುತ್ತದಲ್ಲ, ಆ ಜಾತಿಯದು. ಅತಿ ವೇಗದ ಅಲಾರಂ, ಸ್ಟಾಲ್‌ನ ನಡುಕ, ಎರಡೂ ಒಂದೇ ಹಾರಾಟದಲ್ಲಿ ಬಂದವು. 189 ಜನ ಸತ್ತರು.

ಅಂದರೆ ಮೀಟರ್ ಸರಿಯಿದ್ದರೆ ತೊಂದರೆಯಿಲ್ಲ?

ಹಾಗೆ ಹೇಳಲು ಆಗುವುದಿಲ್ಲ. 2009ರ ಫೆಬ್ರವರಿ 12ರಂದು ಅಮೆರಿಕದ ಬಫೆಲೊ ಹತ್ತಿರ ಬಿದ್ದ ಕೋಲ್ಗನ್ ಏರ್ 3407ರಲ್ಲಿ ಮೀಟರ್‌ಗಳು ನೆಟ್ಟಗಿದ್ದವು. ಇಳಿಯುವ ಹೊತ್ತಿನಲ್ಲಿ ವೇಗ ಕಮ್ಮಿಯಾಗುತ್ತಿದ್ದುದನ್ನು ಇಬ್ಬರೂ ಗಮನಿಸಲಿಲ್ಲ. ಸ್ಟಿಕ್ ಶೇಕರ್ ನಡುಗಿದಾಗ ವಿಮಾನ ಇನ್ನೂ ಸ್ಟಾಲ್ ಆಗಿರಲಿಲ್ಲ. ಎಚ್ಚರಿಕೆ ಬೇಗ ಬರುವ ಹಾಗೆ ಒಂದು ಸ್ವಿಚ್ ಇಟ್ಟಿದ್ದರು. ಮುಂದಕ್ಕೆ ತಳ್ಳುವ ಬದಲು ಕ್ಯಾಪ್ಟನ್ ಹಿಂದಕ್ಕೆ ಎಳೆದರು. ಸ್ಟಿಕ್ ಪುಷರ್ ತಾನಾಗಿ ಮುಂದಕ್ಕೆ ತಳ್ಳಿತು, ಅದರ ವಿರುದ್ಧವೂ ಎಳೆದರು. ವಿಮಾನದಲ್ಲಿದ್ದ 49 ಜನ, ಕೆಳಗೆ ಮನೆಯಲ್ಲಿದ್ದ ಒಬ್ಬರು ಹೋದರು.

2005ರ ಆಗಸ್ಟ್‌ನಲ್ಲಿ ವೆನೆಜುವೆಲಾದಲ್ಲಿ ಬಿದ್ದ ವೆಸ್ಟ್ ಕೆರಿಬಿಯನ್ 708ರ ಕಥೆ ಬೇರೆ ಥರದ್ದು. 160 ಜನ, ಹೆಚ್ಚಿನವರು ಮಾರ್ಟಿನಿಕ್ ದ್ವೀಪದವರು. ಸಹ ಪೈಲಟ್ ಇದು ಸ್ಟಾಲ್ ಎಂದು ಗುರುತಿಸಿದ್ದರು, ಹೇಳಿದ್ದರು ಕೂಡ. ಕ್ಯಾಪ್ಟನ್ ತಲೆಯಲ್ಲಿ ಎಂಜಿನ್ ಕೆಟ್ಟಿದೆ ಎಂಬುದು ಕೂತಿತ್ತು. ಒಮ್ಮೆ ಒಂದು ಕಾರಣ ತಲೆಗೆ ಹೊಕ್ಕರೆ ಎದುರಿರುವ ಸಾಕ್ಷಿಯೆಲ್ಲ ಅದಕ್ಕೇ ಹೊಂದಿಕೊಳ್ಳುತ್ತಾ ಹೋಗುತ್ತದೆ.

ಭಾರತದಲ್ಲಿ ಇಂಥದ್ದು ಆಗಿದೆಯಾ?

2000ದ ಜುಲೈ 17, ಪಟ್ನಾ. ಕೋಲ್ಕತ್ತಾದಿಂದ ಬಂದ ಅಲಯನ್ಸ್ ಏರ್ 7412, ಬೋಯಿಂಗ್ 737. ಇಳಿಯುವಾಗ ಎತ್ತರ ಜಾಸ್ತಿ ಉಳಿದಿತ್ತು, ಎಂಜಿನ್ ಬಲ ತೀರಾ ಕಮ್ಮಿಯಿತ್ತು, ವೇಗ ಕುಸಿಯಿತು. ಸ್ಟಿಕ್ ಶೇಕರ್ ನಡುಗಿತು. ಸ್ಟಾಲ್‌ನಿಂದ ಪಾರಾಗುವ ಕ್ರಮದ ಬದಲು ಅವರು ಗೋ ಅರೌಂಡ್, ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವ ಕ್ರಮ ಶುರು ಮಾಡಿದರು ಎಂದು ತನಿಖೆ ಹೇಳಿತು. ಗೋ ಅರೌಂಡ್‌ನಲ್ಲಿ ಮೂತಿ ಎತ್ತಬೇಕು. ಸರ್ಕಾರಿ ಕ್ವಾರ್ಟರ್ಸ್ ಮೇಲೆ ಬಿದ್ದಿತು. ನೆಲದ ಮೇಲಿದ್ದ ಐವರೂ ಸೇರಿ 60 ಜನ ಸತ್ತರು.

ನಮ್ಮ ಬೆಂಗಳೂರಿನ 1990ರ ಫೆಬ್ರವರಿ 14ರ ಅಪಘಾತವನ್ನೂ ಕೆಲವರು ಸ್ಟಾಲ್ ಎನ್ನುತ್ತಾರೆ. ಅಲ್ಲ. ಎಚ್‌ಎಎಲ್ ರನ್‌ವೇಗೆ ಮುಂಚೆ ಗಾಲ್ಫ್ ಮೈದಾನದಲ್ಲಿ ಬಿದ್ದ ಆ ಇಂಡಿಯನ್ ಏರ್‌ಲೈನ್ಸ್ ಎ320ರಲ್ಲಿ ರೆಕ್ಕೆ ಸೋತಿರಲಿಲ್ಲ. ಆದರೆ ಎಂಜಿನ್ ಐಡಲ್‌ನಲ್ಲಿ, ಅಂದರೆ ತೀರಾ ಕಮ್ಮಿ ಬಲದಲ್ಲಿ, ಉಳಿದು ವೇಗ ಕರಗುತ್ತಿದ್ದುದು ತಡವಾಗಿ ಗೊತ್ತಾಯಿತು. 92 ಜನ ಸತ್ತರು. ಗಮನ ತಪ್ಪಿದ ಬಗೆ ಒಂದೇ, ಕೊನೆ ಬೇರೆ.

ಪೈಲಟ್‌ಗಳಿಗೆ ಸ್ಟಾಲ್ ಕಲಿಸುವುದೇ ಇಲ್ಲವಾ?

ಕಲಿಸುತ್ತಿದ್ದರು. ಆದರೆ ಕಲಿಸಿದ ರೀತಿಯೇ ಅರ್ಧ ತೊಂದರೆ ಎಂಬುದು ನನ್ನ ಅನಿಸಿಕೆ. ದೊಡ್ಡ ವಿಮಾನದವರಿಗೆ ಸಿಮ್ಯುಲೇಟರ್‌ನಲ್ಲಿ ತೋರಿಸುತ್ತಿದ್ದದ್ದು ಸ್ಟಾಲ್ ಅಲ್ಲ, ಸ್ಟಾಲ್‌ನ ಹೊಸ್ತಿಲು. ಅದೂ ಕೆಳಗಿನ ಎತ್ತರದಲ್ಲಿ, "ಈಗ ಸ್ಟಾಲ್ ಮಾಡೋಣ" ಅಂತ ಮೊದಲೇ ಹೇಳಿ. ಎಚ್ಚರಿಕೆ ಬಂದ ಕೂಡಲೇ ಎಂಜಿನ್ ಪೂರ್ತಿ ಕೊಟ್ಟು, ಎತ್ತರ ಆದಷ್ಟು ಕಳೆದುಕೊಳ್ಳದೆ ಹೊರಬಂದರೆ ಪಾಸು. ಇದರಿಂದ ಕೈಗೆ ಅಂಟಿದ್ದು "ಎತ್ತರ ಬಿಡಬೇಡ" ಎಂಬ ಪಾಠ. ಸ್ಟಾಲ್ ಆದವನಿಗೆ ಬೇಕಿರುವುದು ಎತ್ತರ ಬಿಟ್ಟುಕೊಡುವ ಧೈರ್ಯ. 447ರ ಸಹ ಪೈಲಟ್‌ಗಳಿಗೆ ಅಷ್ಟು ಮೇಲೆ ಕೈಯಿಂದ ಹಾರಿಸುವ ತರಬೇತಿಯೇ ಆಗಿರಲಿಲ್ಲ.

ಏರ್‌ಬಸ್‌ನಲ್ಲಿ ಇನ್ನೊಂದು ಅಭ್ಯಾಸ ಬೆಳೆದಿತ್ತು. ಎಲ್ಲ ಸರಿಯಿರುವಾಗ ಸ್ಟಿಕ್ ಎಷ್ಟು ಎಳೆದರೂ ಕಂಪ್ಯೂಟರ್ ಕೋನವನ್ನು ಮಿತಿ ದಾಟಲು ಬಿಡುವುದಿಲ್ಲ. ವೇಗದ ಅಳತೆ ಕೆಟ್ಟ ರಾತ್ರಿ ಆ ಕಾವಲು ಹೋಗಿತ್ತು. ಪರದೆಯ ಮೇಲೆ ಬರೆದು ತೋರಿಸಿತ್ತು, ನಿಜ. ಅಷ್ಟು ಬರಹಗಳ ನಡುವೆ ಅದೂ ಒಂದು.

ಈಗ ಬದಲಾಗಿದೆ. ಮೊದಲು ಕೋನ ಇಳಿಸು, ಮೂತಿ ಕೆಳಗೆ ಮಾಡು, ಉಳಿದದ್ದೆಲ್ಲ ಆಮೇಲೆ ಎಂಬುದೇ ಕ್ರಮ. ಅಮೆರಿಕ 2013ರಲ್ಲಿ ನಿಯಮ ಮಾಡಿ, 2019ರಿಂದ ವಿಮಾನ ಸಂಸ್ಥೆಗಳ ಪೈಲಟ್‌ಗಳಿಗೆ ಸಿಮ್ಯುಲೇಟರ್‌ನಲ್ಲಿ ಪೂರ್ತಿ ಸ್ಟಾಲ್ ಅನ್ನೇ ತೋರಿಸಬೇಕು ಅಂತ ಕಡ್ಡಾಯ ಮಾಡಿತು.

ಕೋನ ತೋರಿಸುವ ಒಂದು ಮೀಟರ್ ಹಾಕಿಬಿಟ್ಟರೆ ಆಗುವುದಿಲ್ಲವಾ?

ಯುದ್ಧವಿಮಾನಗಳಲ್ಲಿ ಇದೆ. ಪ್ರಯಾಣಿಕರ ಜೆಟ್‌ಗಳೂ ಕೋನ ಅಳೆಯುತ್ತವೆ, ಕಂಪ್ಯೂಟರಿಗೆ ಕೊಡುತ್ತವೆ. ಪೈಲಟ್ ಕಣ್ಣಿಗೆ ನೇರವಾಗಿ ತೋರಿಸುವುದು ಮಾತ್ರ ಕಮ್ಮಿ. ಅದನ್ನು ತೋರಿಸುವ ಬಗ್ಗೆ ಯೋಚಿಸಿ ಎಂದು 447ರ ನಂತರ ಬಿಇಎ ಶಿಫಾರಸು ಮಾಡಿತು. ಇನ್ನೊಂದು ಮೀಟರ್ ಅಂದರೆ ಗಾಬರಿಯಲ್ಲಿ ನೋಡಬೇಕಾದದ್ದು ಇನ್ನೊಂದು ಎಂಬ ವಾದವೂ ಇದೆ. ನನಗಂತೂ ಇದ್ದರೆ ಒಳ್ಳೆಯದು ಅನ್ನಿಸುತ್ತದೆ.

ವಿಮಾನ ಗಾಳಿಯಲ್ಲಿ ಕುಲುಕಿದರೆ ಸ್ಟಾಲ್ ಆಗುತ್ತಿದೆ ಅಂತಲಾ?

ಇಲ್ಲ. ಅದು ಟರ್ಬ್ಯುಲೆನ್ಸ್. ಬೆಲ್ಟ್ ಹಾಕಿಕೊಳ್ಳಿ, ಕಾಫಿ ಲೋಟ ಹಿಡಿದುಕೊಳ್ಳಿ, ಸಾಕು.

ಈ ಪಿಟೋ ಟ್ಯೂಬ್ ನಾವು ನೋಡಬಹುದಾ?

ನೋಡಬಹುದು. ಏರೋಬ್ರಿಡ್ಜ್ ಇಲ್ಲದೆ ಬಸ್ಸಿನಲ್ಲಿ ಕರೆದೊಯ್ದು ಮುಂದಿನ ಏಣಿಯಿಂದ ಹತ್ತಿಸಿದರೆ ಒಳ್ಳೆಯ ಅವಕಾಶ. ಮೂತಿಯ ಪಕ್ಕ, ಕಾಕ್‌ಪಿಟ್ ಕಿಟಕಿಗಿಂತ ಕೆಳಗೆ, ಮುಂದಕ್ಕೆ ಬಾಗಿ ನಿಂತ ಬೆರಳು ಗಾತ್ರದ ಕೊಳವೆ ಕಾಣುತ್ತದೆ. ಅದರ ಆಸುಪಾಸಿನಲ್ಲೇ ಗಾಳಿ ಬಂದ ಕಡೆ ತಿರುಗುವ ಪುಟ್ಟ ರೆಕ್ಕೆಯಂಥದ್ದು ಇದ್ದರೆ, ಅದೇ ಕೋನ ಅಳೆಯುವ ಸಾಧನ. ರಾತ್ರಿ ನಿಂತ ವಿಮಾನದಲ್ಲಿ ಕೊಳವೆಗೆ ಕೆಂಪು ಪಟ್ಟಿ ನೇತಾಡುವ ಟೋಪಿ ಹಾಕಿರುತ್ತಾರೆ, ಕಣಜ ಗೂಡು ಕಟ್ಟದಿರಲಿ ಅಂತಲೂ. ನೀವು ಹತ್ತುವ ಹೊತ್ತಿಗೆ ಅದನ್ನು ತೆಗೆದಿರಬೇಕು. ಫೋಟೊ ತೆಗೆಯಲು ನಿಂತು ಹಿಂದಿನವರ ಹತ್ತಿರ ಬೈಸಿಕೊಳ್ಳಬೇಡಿ, ಕೈ ಚಾಚಿ ಮುಟ್ಟಲು ಹೋಗಬೇಡಿ. ಒಳಗೆ ಹೀಟರ್ ಇದೆ, ಸುಡುತ್ತದೆ.